ಮಗುವಿನ ಜನನ ಪ್ರಮಾಣಪತ್ರ: ಕೌಂಟಿ ಕಿಟಕಿಯೋ, ರಾಜ್ಯದ ಕಚೇರಿಯೋ, ಆನ್‌ಲೈನೋ?

ನಮ್ಮ ಮನೆಯ ಫೈಲಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮಗಳ ಜನನ ಪ್ರಮಾಣಪತ್ರದ ಎರಡು ಪ್ರತಿಗಳಿವೆ. ಎರಡರಲ್ಲೂ ಅದೇ ಹೆಸರು, ಹುಟ್ಟಿದ ಅದೇ ಗಂಟೆ-ನಿಮಿಷ, ಅದೇ ಆಸ್ಪತ್ರೆ. ಬೆರಳಾಡಿಸಿದರೆ ಉಬ್ಬುಬ್ಬಾಗಿ ತಗಲುವ ಅಂಚಿನ ಚಿತ್ತಾರವೂ ಒಂದೇ. ಬೇರೆಯಾಗಿರುವುದು ಕೆಳಗಿನ ಸಹಿ ಮಾತ್ರ. ಒಂದರಲ್ಲಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆರೋಗ್ಯಾಧಿಕಾರಿ ಸಹಿ ಮಾಡಿದ್ದಾರೆ, ಇನ್ನೊಂದರಲ್ಲಿ ಕೌಂಟಿಯ ಕ್ಲರ್ಕ್-ರೆಕಾರ್ಡರ್, ಅಂದರೆ ದಾಖಲೆಗಳ ಅಧಿಕಾರಿ. ಮೊದಲನೆಯದನ್ನು ನಾನು ಅಪಾಸ್ಟಿಲ್‌ಗೆ, ಅಂದರೆ ಬೇರೆ ದೇಶದಲ್ಲಿ ಕಾಗದ ನಡೆಯುವಂತೆ ಮಾಡುವ ದೃಢೀಕರಣಕ್ಕೆ, ಕಳಿಸಿದೆ. ಕೆಲವು ವಾರ ಕಾದ ಮೇಲೆ ಒಂದು ಚೀಟಿ ಲಗತ್ತಿಸಿಕೊಂಡು ಹೋದ ಹಾಗೇ ವಾಪಸ್ ಬಂತು. ಅಷ್ಟರಲ್ಲಿ ಬೆಂಗಳೂರಿಗೆ ಹೋಗುವ ವಿಮಾನದ ಟಿಕೆಟ್ ಆಗಿಹೋಗಿತ್ತು. ತಪ್ಪು ನನ್ನದೇ, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ್ದೆ, ಸಹಿ ಯಾರದು ಅಂತ ನೋಡಿರಲಿಲ್ಲ.

ಅಂದಿನಿಂದ ಯಾರಾದರೂ "ಅಕ್ಕ, ಬರ್ತ್ ಸರ್ಟಿಫಿಕೇಟ್ ಎಲ್ಲಿ ತಗೊಳ್ಳೋದು? ಕೌಂಟೀಲಾ, ಆನ್‌ಲೈನಲ್ಲಾ?" ಅಂತ ಫೋನ್ ಮಾಡಿದರೆ, "ತಗೊಂಡು ಯಾರಿಗೆ ಕೊಡ್ತೀರಿ?" ಅಂತ ತಿರುಗಿ ಕೇಳುತ್ತೇನೆ. ಅದು ಗೊತ್ತಾಗದೆ ಉತ್ತರ ಹೇಳಲು ಬರುವುದಿಲ್ಲ. ಪಾಸ್‌ಪೋರ್ಟಿಗೆ ಸಾಕಾಗುವ ಪ್ರತಿ ಅಪಾಸ್ಟಿಲ್‌ಗೆ ಸಾಕಾಗದೆ ಹೋಗಬಹುದು. ಶಾಲೆಗೆ ತೋರಿಸಲು ಇನ್ನೂರು ಮೈಲಿ ಆಚೆಯ ರಾಜ್ಯ ಕಚೇರಿಗೆ ಅರ್ಜಿ ಹಾಕಿ ಕಾಯುವುದೂ ಬೇಕಿಲ್ಲ.

ಮೊದಲು, ಹುಟ್ಟಿದ್ದು ಯಾವ ಕೌಂಟಿಯಲ್ಲಿ?

ಊರಲ್ಲಿ ನಮಗೆ ಗೊತ್ತಿರುವ ಲೆಕ್ಕ ಬೇರೆ. ಹಳ್ಳಿಯಾದರೆ ಗ್ರಾಮ ಲೆಕ್ಕಿಗರು (ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ), ಹಿಂದೆ ಶ್ಯಾನುಭೋಗರು ಕೂತಿದ್ದ ಕುರ್ಚಿ ಅದು. ಪಟ್ಟಣವಾದರೆ ಪುರಸಭೆ. ಎಲ್ಲಕ್ಕೂ ಮೇಲೆ ಇಡೀ ದೇಶಕ್ಕೆ ಒಂದೇ 1969ರ ಕಾಯ್ದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದು ಜನನ ನೋಂದಣಿ ಕಚೇರಿಯೇ ಇಲ್ಲ. 50 ರಾಜ್ಯಗಳು, ವಾಷಿಂಗ್ಟನ್ ಡಿ.ಸಿ., ರಾಜ್ಯದಿಂದ ಬೇರೆಯಾಗಿ ತನ್ನದೇ ದಾಖಲೆ ಇಟ್ಟುಕೊಳ್ಳುವ ನ್ಯೂಯಾರ್ಕ್ ನಗರ, ಮತ್ತೆ 5 ಟೆರಿಟರಿಗಳು (ರಾಜ್ಯವಲ್ಲದ ಅಮೆರಿಕದ ಪ್ರದೇಶಗಳು), ಹೀಗೆ ಒಟ್ಟು 57 ಕಡೆ 57 ಬಗೆಯ ಕಟ್ಟಳೆ. ಟೆಕ್ಸಾಸ್‌ನ ಗೆಳತಿ ಕೊಟ್ಟ ಸಲಹೆ ಕ್ಯಾಲಿಫೋರ್ನಿಯಾದಲ್ಲಿ ನಡೆಯದಿರುವುದು ಇದಕ್ಕೇ.

ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಗೆ ಹೋಗುವುದಾದರೆ ನೀವು ವಾಸವಿರುವ ಕೌಂಟಿಗಲ್ಲ, ಹೆರಿಗೆಯಾದ ಆಸ್ಪತ್ರೆ ಇರುವ ಕೌಂಟಿಗೆ ಹೋಗಬೇಕು. ಇದು ಗೊತ್ತಿದ್ದೂ ಎಡವುವವರು ಬೇಕಾದಷ್ಟು ಜನ. ಮನೆ ಫ್ರೀಮಾಂಟ್‌ನಲ್ಲಿ, ಹೆರಿಗೆ ಮೌಂಟನ್ ವ್ಯೂನಲ್ಲಿ ಅಂದುಕೊಳ್ಳಿ. ಮನೆ ಇರುವುದು ಅಲಮೀಡಾ ಕೌಂಟಿ, ದಾಖಲೆ ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಡಬ್ಲಿನ್‌ನಲ್ಲಿ ಮನೆ ಮಾಡಿ ಪಕ್ಕದ ಸ್ಯಾನ್ ರಮೋನ್‌ನಲ್ಲಿ ಹೆತ್ತವರ ದಾಖಲೆ ಕಾಂಟ್ರಾ ಕೋಸ್ಟಾಕ್ಕೆ ಸೇರುತ್ತದೆ. ಹತ್ತು ನಿಮಿಷದ ದಾರಿ, ಆದರೆ ಕಚೇರಿ ಬೇರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಚಾರ್ಜ್ ಆಗುವಾಗ ಆಸ್ಪತ್ರೆಯವರು ಪುಟ್ಟ ಪಾದದ ಗುರುತು ಒತ್ತಿ ಕೊಡುವ ಚಂದದ ಕಾಗದ ಪ್ರಮಾಣಪತ್ರವಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ಹಾಕಲು ಅದು ಸರಿ. ಆಸ್ಪತ್ರೆಯಲ್ಲಿ ತುಂಬಿದ ಫಾರ್ಮಿನಿಂದ ಮಗುವಿನ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ (ಸರಕಾರ ಕೊಡುವ ಸಂಖ್ಯೆಯ ಕಾರ್ಡ್) ಅಂಚೆಯಲ್ಲಿ ತಾನಾಗಿ ಬರುತ್ತದೆ. ಅದು ಬಂದಿತೆಂದು ಪ್ರಮಾಣಪತ್ರವೂ ಬಂದೀತು ಅಂತ ಕಾಯುತ್ತ ಕೂತವರನ್ನು ನೋಡಿದ್ದೇನೆ. ನ್ಯೂಯಾರ್ಕ್ ನಗರದಲ್ಲಿ ಮೊದಲ ಪ್ರತಿಯನ್ನು ಪುಕ್ಕಟೆ ಕಳಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನಾವೇ ಅರ್ಜಿ ಹಾಕಿ, ದುಡ್ಡು ಕಟ್ಟಿ ತರಿಸಿಕೊಳ್ಳಬೇಕು.

ಕೌಂಟಿ ಕಿಟಕಿ

ನನಗೆ ಆಯ್ಕೆ ಕೊಟ್ಟರೆ ನಾನು ಹಿಡಿಯುವುದು ಇದನ್ನೇ. ಹತ್ತಿರವಿದ್ದರೆ, ಒಂದು ಬೆಳಗ್ಗೆ ಬಿಡುವಿದ್ದರೆ, ಇದಕ್ಕಿಂತ ಬೇಗ ಆಗುವ ದಾರಿ ಇನ್ನೊಂದಿಲ್ಲ. ಟೋಕನ್ ತೆಗೆದುಕೊಂಡು, ಅರ್ಜಿ ತುಂಬಿ, ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯವಾಗಿ ಅದೇ ದಿನ ಪ್ರತಿ ಕೈಗೆ ಬರುತ್ತದೆ. ಕಿಟಕಿಯ ಆಚೆಯ ಪ್ರಿಂಟರಿನಿಂದ ಕಾಗದ ಬಂದಾಗ ಗುಮಾಸ್ತೆ ಅದನ್ನು ನಮ್ಮ ಕಡೆ ತಿರುಗಿಸಿ "ಒಂದು ಸಲ ಓದಿ ನೋಡಿ" ಅನ್ನುತ್ತಾರೆ. ದಯವಿಟ್ಟು ಓದಿ. ಕೆಳಗಿನ ಸಾಲಿನಲ್ಲೇ ಅಚ್ಚಾಗಿರುತ್ತದೆ: ಕೆತ್ತಿದ ಅಂಚು, ದಿನಾಂಕ, ಮುದ್ರೆ, ಸಹಿ ಇಲ್ಲದಿದ್ದರೆ ಈ ಪ್ರತಿ ನಡೆಯುವುದಿಲ್ಲ ಅಂತ. ಆ ಸಹಿ ಯಾರದು ಅನ್ನುವುದನ್ನು ಅಲ್ಲೇ ನೋಡಿಕೊಂಡಿದ್ದರೆ ನನ್ನ ಕಥೆ ಬೇರೆ ಆಗುತ್ತಿತ್ತು.

ಕಿಟಕಿಗೆ ಹೋಗುವುದರ ನಿಜವಾದ ಲಾಭ ನೋಟರಿಯ ರಗಳೆ ತಪ್ಪುವುದು. ಕ್ಯಾಲಿಫೋರ್ನಿಯಾದಲ್ಲಿ ಅಧಿಕೃತ ಪ್ರತಿ ಬೇಕಾದರೆ "ನಾನು ಇಂಥವಳು, ಈ ದಾಖಲೆ ಪಡೆಯಲು ನನಗೆ ಹಕ್ಕಿದೆ, ಸುಳ್ಳಾದರೆ ಶಿಕ್ಷೆಗೆ ಗುರಿ" ಅಂತ ಪ್ರಮಾಣ ಹೇಳಿಕೆಗೆ ಸಹಿ ಮಾಡಬೇಕು. ಕಿಟಕಿಯಲ್ಲಿ ಗುಮಾಸ್ತೆಯ ಎದುರೇ ಸಹಿ ಹಾಕಿದರೆ ಆಯಿತು. ಅಂಚೆಯಲ್ಲಿ ಕಳಿಸುವುದಾದರೆ ಅದೇ ಸಹಿಯನ್ನು ನೋಟರಿ ಮುಂದೆ ಮಾಡಬೇಕು, ಅವರು ಒಂದು ಸಹಿಗೆ 15 ಡಾಲರ್ ತನಕ ಕೇಳಬಹುದು.

ಯಾರ ಹಕ್ಕು ಅನ್ನುವ ಪಟ್ಟಿಯೂ ಸ್ವಾರಸ್ಯವಾಗಿದೆ. ತಂದೆ-ತಾಯಿ, ಅಜ್ಜ-ಅಜ್ಜಿ, ಒಡಹುಟ್ಟಿದವರು, ಗಂಡ-ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇದ್ದಾರೆ. ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ ಇಲ್ಲ. ನಮ್ಮಲ್ಲಿ ನಾಮಕರಣಕ್ಕೆ ಮುಂದೆ ನಿಲ್ಲುವ ಸೋದರತ್ತೆಗೆ ಇಲ್ಲಿ ಕಿಟಕಿಯಲ್ಲಿ ಮಾನ್ಯತೆ ಇಲ್ಲ. ಬಾಣಂತನಕ್ಕೆ ಊರಿಂದ ಬಂದ ಅಜ್ಜಿ ಮಾತ್ರ ಕಾನೂನಿನ ಪ್ರಕಾರ ಮೊಮ್ಮಗುವಿನ ಪ್ರತಿ ಕೇಳಬಹುದು.

ಪಟ್ಟಿಯಲ್ಲಿ ಇಲ್ಲದವರು ಕೇಳಿದರೆ ಕೊಡುವುದು ಮಾಹಿತಿ ಪ್ರತಿ. ವಿವರವೆಲ್ಲ ಇರುತ್ತದೆ, ಆದರೆ ಮೇಲೆ ಅಡ್ಡಡ್ಡ, ಗುರುತು ಸಾಬೀತುಪಡಿಸಲು ಇದು ನಡೆಯುವುದಿಲ್ಲ ಅಂತ ಅಚ್ಚಾಗಿರುತ್ತದೆ. ಅರ್ಜಿಯಲ್ಲಿ ತಪ್ಪು ಚೌಕಕ್ಕೆ ಟಿಕ್ ಹಾಕಿದರೆ ಇದೇ ಕೈಗೆ ಬರುವುದು. ಎರಡಕ್ಕೂ ಕೊಡುವ ದುಡ್ಡು ಒಂದೇ, ಹಾಗಾಗಿ ರಸೀದಿ ನೋಡಿ ಗೊತ್ತಾಗುವುದಿಲ್ಲ.

ಇನ್ನು ಒಂದೇ ಕೌಂಟಿಯೊಳಗೆ ಎರಡು ಕಿಟಕಿಗಳಿವೆ. ನಾನು ಎಡವಿದ್ದು ಇಲ್ಲಿ. ಹಲವು ಕೌಂಟಿಗಳಲ್ಲಿ ಈ ವರ್ಷ, ಹೋದ ವರ್ಷ ಹುಟ್ಟಿದ ಮಕ್ಕಳ ದಾಖಲೆ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ ಸಿಗುತ್ತದೆ. ಅದಕ್ಕಿಂತ ಹಳೆಯದು ಕ್ಲರ್ಕ್-ರೆಕಾರ್ಡರ್ ಕಚೇರಿಯಲ್ಲಿ. ಪಾಸ್‌ಪೋರ್ಟಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ರಾಜ್ಯದ ಕಚೇರಿ

ಕ್ಯಾಲಿಫೋರ್ನಿಯಾದ ರಾಜ್ಯ ದಾಖಲೆಗಳು ಸ್ಯಾಕ್ರಮೆಂಟೊದಲ್ಲಿವೆ, ರಾಜ್ಯ ಆರೋಗ್ಯ ಇಲಾಖೆಯ ಕೈಯಲ್ಲಿ. 1905ರ ಜುಲೈಯಿಂದ ಈಚೆಗಿನ ಜನನಗಳೆಲ್ಲ ಅಲ್ಲಿ ಸಿಗುತ್ತವೆ. ಇಲ್ಲಿ ಕೌಂಟಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ರಾಜ್ಯದೊಳಗೆ ಎಲ್ಲಿ ಹುಟ್ಟಿದರೂ ಒಂದೇ ವಿಳಾಸ. ಬರುವ ಪ್ರತಿಯಲ್ಲಿ ರಾಜ್ಯ ರಿಜಿಸ್ಟ್ರಾರರ ಸಹಿ ಇರುವುದರಿಂದ ಮುಂದೆ ಯಾವ ಕಚೇರಿಯೂ ಆ ಸಹಿಯ ಬಗ್ಗೆ ತಕರಾರು ಎತ್ತುವುದಿಲ್ಲ. ಕಷ್ಟ ಅಂದರೆ ಕಾಯುವುದು. ಅಂಚೆಯಲ್ಲಿ ಹೋಗಿ, ಸರದಿಯಲ್ಲಿ ಕೂತು, ಅಂಚೆಯಲ್ಲಿ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ.

ರಾಜ್ಯ ಬಿಟ್ಟು ದೂರ ಹೋದವರಿಗೆ ಇದು ಒಳ್ಳೆಯ ದಾರಿ. ಮಗು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಈಗ ಮನೆ ಆಸ್ಟಿನ್‌ನಲ್ಲೋ ಮೈಸೂರಿನಲ್ಲೋ ಇದ್ದರೆ ಕೌಂಟಿ ಕಿಟಕಿಯ ಲಾಭವೇ ಇಲ್ಲ. ಆಗ ಕೌಂಟಿಗೂ ಅಂಚೆ, ರಾಜ್ಯಕ್ಕೂ ಅಂಚೆ, ನೋಟರಿ ಎರಡಕ್ಕೂ ಬೇಕು.

ತಿದ್ದುಪಡಿಗೆ ಮಾತ್ರ ಆಯ್ಕೆಯೇ ಇಲ್ಲ, ರಾಜ್ಯಕ್ಕೇ ಹೋಗಬೇಕು. ಅದರ ಕಥೆ ಮುಂದೆ ಹೇಳುತ್ತೇನೆ.

ಆನ್‌ಲೈನ್

ಅನೇಕ ರಾಜ್ಯಗಳು, ಕೌಂಟಿಗಳು ಆನ್‌ಲೈನ್ ಅರ್ಜಿಯನ್ನು ವೈಟಲ್‌ಚೆಕ್ ಅನ್ನುವ ಖಾಸಗಿ ಕಂಪನಿಗೆ ವಹಿಸಿವೆ. ಅರ್ಜಿ ಅಲ್ಲಿ ಹಾಕಿದರೂ ಪ್ರತಿ ಅಚ್ಚಾಗುವುದು ಸರಕಾರಿ ಕಚೇರಿಯಲ್ಲೇ. ಅಂದರೆ ನೀವು ಹೆಚ್ಚಿಗೆ ಕೊಡುವ ಸೇವಾ ಶುಲ್ಕ, ಕೊರಿಯರ್ ದುಡ್ಡು ಕೂತಲ್ಲೇ ಕೆಲಸ ಮುಗಿಯುವ ಅನುಕೂಲಕ್ಕೆ. ಕಾಗದದಲ್ಲಿ ಹೆಚ್ಚಿನದೇನೂ ಸಿಗುವುದಿಲ್ಲ. ಗುರುತು ಖಚಿತಪಡಿಸಲು ಹಿಂದಿನ ವಿಳಾಸ, ಸಾಲ ಇತ್ಯಾದಿ ಪ್ರಶ್ನೆ ಕೇಳುತ್ತಾರೆ. ದೇಶಕ್ಕೆ ಬಂದು ವರ್ಷವೂ ಆಗದವರು ಈ ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ನೋಟರಿ ಕಾಗದವೇ ಗತಿ.

ಒಂದು ಎಚ್ಚರಿಕೆ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವ ಕೆಲವು ತಾಣಗಳು ಸರಕಾರದವೂ ಅಲ್ಲ, ಸರಕಾರ ನೇಮಿಸಿದವೂ ಅಲ್ಲ. ಫಾರ್ಮ್ ತುಂಬಿ ಕೊಡುತ್ತೇವೆ ಅಂತ ದುಡ್ಡು ತೆಗೆದುಕೊಂಡು ಬರಿ ಪಿಡಿಎಫ್ ಕಳಿಸುತ್ತಾರೆ. ಕೌಂಟಿಯ ಅಥವಾ ರಾಜ್ಯದ ಸ್ವಂತ ವೆಬ್‌ಸೈಟಿಗೆ ಹೋಗಿ, ಅಲ್ಲಿರುವ ಕೊಂಡಿಯಿಂದಲೇ ಮುಂದೆ ಹೋಗಿ. ನಮ್ಮ ಗುಂಪಿನ ಒಂದು ಹುಡುಗ, ಕೋಡ್ ಬರೆದು ಬದುಕುವವನು, ಹೀಗೆ ಅರವತ್ತು ಡಾಲರ್ ಕಳೆದುಕೊಂಡ. ನಿದ್ದೆಗೆಟ್ಟ ಅಪ್ಪಂದಿರು ರಾತ್ರಿ ಎರಡು ಗಂಟೆಗೆ ಅರ್ಜಿ ಹಾಕಬಾರದು.

ರಾಜ್ಯ ಬದಲಾದರೆ ಲೆಕ್ಕವೂ ಬದಲು

ನ್ಯೂಜೆರ್ಸಿಯಲ್ಲಿ ಕೌಂಟಿಯನ್ನು ಮರೆತುಬಿಡಿ. ಅಲ್ಲಿ ಸ್ಥಳೀಯ ದಾಖಲೆ ಟೌನ್‌ಶಿಪ್ಪಿನ, ಅಂದರೆ ಊರಾಡಳಿತದ, ರಿಜಿಸ್ಟ್ರಾರ್ ಹತ್ತಿರ. ಪ್ರಿನ್ಸ್‌ಟನ್ ಹೆಸರಿನ ಆಸ್ಪತ್ರೆ ಇರುವುದು ಪ್ಲೇನ್ಸ್‌ಬೊರೊದಲ್ಲಿ, ಆದ್ದರಿಂದ ಕೇಳಬೇಕಾದ್ದು ಪ್ಲೇನ್ಸ್‌ಬೊರೊದಲ್ಲೇ. ರಾಜ್ಯ ಕಚೇರಿಯಲ್ಲಿ ಮೊದಲ ಪ್ರತಿಗೆ 25 ಡಾಲರ್, ಜೊತೆಗೇ ಕೇಳುವ ಒಂದೊಂದು ಹೆಚ್ಚುವರಿ ಪ್ರತಿಗೆ 2. ಬೇಕಾದಷ್ಟನ್ನು ಒಂದೇ ಸಲ ತೆಗೆದುಕೊಳ್ಳುವುದು ಜಾಣತನ.

ನ್ಯೂಯಾರ್ಕ್ ರಾಜ್ಯದಲ್ಲಿ ದುಡ್ಡಿನ ಅಂತರವೇ ಕಣ್ಣಿಗೆ ಹೊಡೆಯುತ್ತದೆ: ಊರಿನ ರಿಜಿಸ್ಟ್ರಾರ್ ಹತ್ತಿರ 10 ಡಾಲರ್, ರಾಜ್ಯದಿಂದ ಅಂಚೆಯಲ್ಲಿ ತರಿಸಿದರೆ 30. ಆದರೆ ಊರಿನ ರಿಜಿಸ್ಟ್ರಾರ್ ಸಹಿಯ ಪ್ರತಿಗೆ ಅಪಾಸ್ಟಿಲ್ ಬೇಕಾದಾಗ ನಡುವೆ ಕೌಂಟಿ ಕ್ಲರ್ಕ್ ದೃಢೀಕರಣ ಬೇಕಾಗುತ್ತದೆ, ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ಓಡಾಟಕ್ಕೆ ಹೋಗುತ್ತದೆ. ನ್ಯೂಯಾರ್ಕ್ ನಗರದಲ್ಲಿ 15 ಡಾಲರ್, ಅಪಾಸ್ಟಿಲ್‌ನ ದಾರಿ ಮಾತ್ರ ಎಲ್ಲಕ್ಕಿಂತ ಉದ್ದ. ಉದ್ದನೆಯ, ಅಂದರೆ ಪೂರ್ತಿ ದಾಖಲೆಯ, ಪ್ರತಿಯ ಜೊತೆಗೆ ಲೆಟರ್ ಆಫ್ ಎಕ್ಸೆಂಪ್ಲಿಫಿಕೇಶನ್ ಅನ್ನುವ ಇನ್ನೊಂದು ಪತ್ರ ಕೇಳಿ ಪಡೆಯಬೇಕು, ಅದನ್ನು ನ್ಯೂಯಾರ್ಕ್ ಕೌಂಟಿ ಕ್ಲರ್ಕ್ ದೃಢೀಕರಿಸಬೇಕು, ಆಮೇಲೆ ರಾಜ್ಯದವರ ಅಪಾಸ್ಟಿಲ್. ಅರ್ಜಿ ಹಾಕುವ ದಿನವೇ ಆ ಪತ್ರ ಕೇಳದಿದ್ದರೆ ಮತ್ತೆ ಮೊದಲಿನಿಂದ.

ಷಿಕಾಗೊ ಕಡೆಯವರಿಗೆ ಸುಲಭ. ಕುಕ್ ಕೌಂಟಿ ಕ್ಲರ್ಕ್ ಹತ್ತಿರ ಮೊದಲ ಪ್ರತಿಗೆ 15, ಹೆಚ್ಚಿನದಕ್ಕೆ 4 ಡಾಲರ್. ಫ್ಲಾರಿಡಾದಲ್ಲಿ ಈಚಿನ ದಶಕಗಳ ಜನನವಾದರೆ ಯಾವ ಕೌಂಟಿಯ ಆರೋಗ್ಯ ಇಲಾಖೆಗೆ ಹೋದರೂ ರಾಜ್ಯದ ಯಾವ ಮೂಲೆಯಲ್ಲಿ ಹುಟ್ಟಿದ ಮಗುವಿನದಾದರೂ ಸಿಗುತ್ತದೆ. ವರ್ಜೀನಿಯಾದಲ್ಲಂತೂ 2014ರಿಂದ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯಲ್ಲೇ ಕೊಡುತ್ತಾರೆ. ಈ ಶುಲ್ಕಗಳೆಲ್ಲ ಆಗಾಗ ಬದಲಾಗುತ್ತವೆ, ಕಟ್ಟುವ ದಿನ ಒಮ್ಮೆ ನೋಡಿಕೊಳ್ಳಿ.

ಟೆಕ್ಸಾಸ್‌ನಲ್ಲಿ ರಾಜ್ಯಕ್ಕೆ 22 ಡಾಲರ್, ಕೌಂಟಿಯಲ್ಲಿ 23. ಒಂದು ಡಾಲರಿನ ವ್ಯತ್ಯಾಸ ನೋಡಿ ಯಾರೂ ನಿರ್ಧಾರ ಮಾಡುವುದಿಲ್ಲ. ನೋಡಬೇಕಾದ್ದು ಕಾಗದದ ಉದ್ದ. ಹತ್ತಿರದ ಕಚೇರಿಯವರು ರಾಜ್ಯದ ಕಂಪ್ಯೂಟರಿನಿಂದ ತೆಗೆದು ಕೊಡುವುದು ಗಿಡ್ಡ ಪ್ರತಿ, ಮೂಲ ದಾಖಲೆಯ ಸಾರಾಂಶ ಅಷ್ಟೇ. ಪೂರ್ತಿ ದಾಖಲೆಯ ಉದ್ದ ಪ್ರತಿ ಬೇಕಿದ್ದರೆ ಹುಟ್ಟಿದ ಊರಿನ ರಿಜಿಸ್ಟ್ರಾರನ್ನೋ ಆಸ್ಟಿನ್‌ನಲ್ಲಿರುವ ರಾಜ್ಯ ಕಚೇರಿಯನ್ನೋ ಕೇಳಬೇಕು.

ಉದ್ದ-ಗಿಡ್ಡದ ಈ ಮಾತು ಎಲ್ಲ ರಾಜ್ಯದವರಿಗೂ ಅನ್ವಯ. 2011ರ ಏಪ್ರಿಲ್ 1ರಿಂದ ಅಮೆರಿಕದ ಪಾಸ್‌ಪೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ತಂದೆ-ತಾಯಿಯ ಪೂರ್ಣ ಹೆಸರು ಇರಲೇಬೇಕು. ಮಗುವಿನ ಓಸಿಐ (ಭಾರತ ಸರಕಾರ ಸಾಗರೋತ್ತರ ಭಾರತೀಯರಿಗೆ ಕೊಡುವ ಕಾರ್ಡ್) ಅರ್ಜಿಗೂ ಅಷ್ಟೇ; ಅಪ್ಪ-ಅಮ್ಮ ಯಾರು ಅಂತ ತೋರಿಸುವ ಕಾಗದ ಅದೊಂದೇ. ನನ್ನ ಮಟ್ಟಿಗೆ ಗಿಡ್ಡ ಪ್ರತಿ ಬೇಸ್‌ಬಾಲ್ ಲೀಗಿಗೆ ವಯಸ್ಸು ತೋರಿಸಲು ಸರಿ, ಉಳಿದದ್ದಕ್ಕೆಲ್ಲ ಉದ್ದದ್ದನ್ನೇ ಕೇಳಿ.

ಅಪಾಸ್ಟಿಲ್ ಬೇಕಿದ್ದರೆ

ಊರಿಗೆ ವಾಪಸ್ ಹೋಗುವವರು, ಅಲ್ಲಿನ ಕೋರ್ಟು-ಕಚೇರಿಗಳಲ್ಲಿ ಮಗುವಿನ ದಾಖಲೆ ಒಪ್ಪಿಸಬೇಕಾದವರು ಕೇಳಿಯೇ ಇರುತ್ತಾರೆ. ಹೇಗ್ ಒಪ್ಪಂದದ ಪ್ರಕಾರ ಒಂದು ದೇಶದ ಸರಕಾರಿ ಕಾಗದವನ್ನು ಇನ್ನೊಂದು ದೇಶ ಒಪ್ಪಿಕೊಳ್ಳಲು ಅಂಟಿಸುವ ದೃಢೀಕರಣ ಇದು. ಅಮೆರಿಕಕ್ಕೆ 1981ರಿಂದ, ಭಾರತಕ್ಕೆ 2005ರ ಜುಲೈಯಿಂದ ಅನ್ವಯ. ಅದಕ್ಕೆ ಭಾರತೀಯ ಕಾನ್ಸುಲೇಟಿಗೆ ಅಲೆಯಬೇಕಿಲ್ಲ. ವಾಷಿಂಗ್ಟನ್ನಿಗೂ ಅಲ್ಲ. ಪ್ರಮಾಣಪತ್ರ ಕೊಟ್ಟ ರಾಜ್ಯವೇ ಅಪಾಸ್ಟಿಲ್ ಕೊಡಬೇಕು. ನೀವೀಗ ಸಿಯಾಟಲ್‌ನಲ್ಲಿದ್ದರೂ ಮಗು ಸ್ಯಾನ್ ಹೋಸೆಯಲ್ಲಿ ಹುಟ್ಟಿದ್ದರೆ ಕಾಗದ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೇ ಹೋಗಬೇಕು.

ಅಪಾಸ್ಟಿಲ್ ಹಾಕುವವರು ಮಗು ಹುಟ್ಟಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದಿಲ್ಲ. ಕಾಗದದ ಮೇಲಿನ ಸಹಿ ನಿಜವಾದ ಅಧಿಕಾರಿಯದೇ ಅಂತ ಮಾತ್ರ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿ ಕ್ಲರ್ಕ್, ರೆಕಾರ್ಡರ್, ರಾಜ್ಯ ರಿಜಿಸ್ಟ್ರಾರ್ ಇವರ ಸಹಿಗಳ ಮೇಲೆ ನೇರವಾಗಿ ಅಪಾಸ್ಟಿಲ್ ಆಗುತ್ತದೆ. ಕೌಂಟಿ ಆರೋಗ್ಯಾಧಿಕಾರಿಯದೋ ಸ್ಥಳೀಯ ರಿಜಿಸ್ಟ್ರಾರದೋ ಆದರೆ, ಆ ಸಹಿಯನ್ನು ಮೊದಲು ಅದೇ ಕೌಂಟಿಯ ಕ್ಲರ್ಕ್ ದೃಢೀಕರಿಸಬೇಕು. ನನ್ನ ಲಕೋಟೆ ವಾಪಸ್ ಬಂದದ್ದು ಅದಕ್ಕೇ.

ಹಾಗಾಗಿ ಮಗುವಿಗೆ ಎರಡು ವರ್ಷ ದಾಟಿದ್ದರೆ ನೇರವಾಗಿ ರೆಕಾರ್ಡರ್ ಕಿಟಕಿಗೆ ಹೋಗಿ, ಒಂದೇ ಸಹಿಯಲ್ಲಿ ಕೆಲಸ ಮುಗಿಯುತ್ತದೆ. ಮಗು ಎಳೆಯದು, ಅವಸರವೂ ಇದೆ ಅಂದರೆ ಆರೋಗ್ಯ ಇಲಾಖೆಯ ಪ್ರತಿ ತೆಗೆದುಕೊಂಡು ಅಲ್ಲಿಂದಲೇ ಕೌಂಟಿ ಕ್ಲರ್ಕ್ ಹತ್ತಿರ ಹೋಗಿ ದೃಢೀಕರಿಸಿಕೊಳ್ಳಿ. ಅವಸರವಿಲ್ಲದಿದ್ದರೆ ರಾಜ್ಯದಿಂದ ತರಿಸಿ. ಅಪಾಸ್ಟಿಲ್‌ಗೆ 20 ಡಾಲರ್. ಸ್ಯಾಕ್ರಮೆಂಟೊ ಅಥವಾ ಲಾಸ್ ಏಂಜಲಿಸ್ ಕಚೇರಿಗೆ ಖುದ್ದಾಗಿ ಹೋದರೆ ಒಬ್ಬೊಬ್ಬ ಅಧಿಕಾರಿಯ ಸಹಿಗೆ 6 ಡಾಲರ್ ಹೆಚ್ಚು. ಇಬ್ಬರು ಮಕ್ಕಳ ಪ್ರತಿಗಳಲ್ಲೂ ಒಬ್ಬರದೇ ಸಹಿ ಇದ್ದರೆ ಆ 6 ಒಂದೇ ಸಲ.

ಹೆಸರು ತಪ್ಪಿದ್ದರೆ

ನಮ್ಮವರಿಗೆ ಹೆಚ್ಚಿನ ತೊಂದರೆ ಬರುವುದು ಹೆಸರಿನಲ್ಲೇ. ಇನಿಷಿಯಲ್ ಇಟ್ಟುಕೊಂಡು ಬೆಳೆದವರು ಸರ್‌ನೇಮ್ ಕಾಲಂ ಮುಂದೆ ಕೂತು ಒದ್ದಾಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಆಸ್ಪತ್ರೆಯ ಫಾರ್ಮಿನಲ್ಲಿ ಇನ್ನೊಂದು ಬಗೆ. ಹೆರಿಗೆಯಾಗಿ ಒಂದು ದಿನ ಕಳೆದಿರುತ್ತದೆ, ಯಾರಿಗೂ ನಿದ್ದೆಯಿಲ್ಲ, ಅಪ್ಪ ಕೈಗೆ ಬಂದ ಹಾಗೆ ಬರೆದುಬಿಡುತ್ತಾನೆ. ತಾಯಿಯ ಕಾಲಂ ಕೇಳುವುದು ಮದುವೆಗೆ ಮುಂಚಿನ, ಹುಟ್ಟಿನ ಹೆಸರನ್ನು ಅನ್ನುವುದೂ ಅನೇಕರಿಗೆ ಗೊತ್ತಿರುವುದಿಲ್ಲ.

ತಪ್ಪು ಉಳಿದರೆ ಕೌಂಟಿ ಕಿಟಕಿಯಲ್ಲಿ ಎಷ್ಟು ಕೇಳಿಕೊಂಡರೂ ಅವರು ತಿದ್ದುವುದಿಲ್ಲ, ತಿದ್ದುಪಡಿಯ ಫಾರ್ಮ್ ರಾಜ್ಯಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ತಿದ್ದುಪಡಿ ಆದ ಮೇಲೂ ಹಳೆಯ ಹಾಳೆ ಹೋಗುವುದಿಲ್ಲ. ಮೊದಲ ಪುಟದಲ್ಲಿ ತಪ್ಪು ಹಾಗೇ ಇರುತ್ತದೆ, ಎರಡನೆಯ ಪುಟದಲ್ಲಿ ತಿದ್ದಿದ್ದು. ಅಂದಿನಿಂದ ಪ್ರಮಾಣಪತ್ರವೆಂದರೆ ಎರಡು ಪುಟ. ಒಂದನೆಯದನ್ನಷ್ಟೇ ಸ್ಕ್ಯಾನ್ ಮಾಡಿ ಓಸಿಐಗೆ ಹಾಕಿದ ಹಾಸನದ ಕಡೆಯ ದಂಪತಿಗೆ ಹೆಸರು ಹೊಂದುತ್ತಿಲ್ಲ ಅಂತ ಪ್ರಶ್ನೆ ಬಂದಿತ್ತು. ಆಸ್ಪತ್ರೆಯಲ್ಲೇ, ಫಾರ್ಮ್ ಕಳಿಸುವ ಮುಂಚೆ, ಎರಡು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ತಾರೀಕಿನ ಮೇಲೂ ಕಣ್ಣಿರಲಿ: ಇಲ್ಲಿ 03/07 ಅಂದರೆ ಮಾರ್ಚ್ 7, ಓಸಿಐ ಫಾರ್ಮಿನಲ್ಲಿ ಅದೇ ಜುಲೈ 3 ಆಗಿಬಿಡುತ್ತದೆ.

ಎಷ್ಟು ಪ್ರತಿ?

ಮೂರು ಅನ್ನುತ್ತೇನೆ. ಒಂದು ಪಾಸ್‌ಪೋರ್ಟಿಗೆ, ಅರ್ಜಿಯ ಜೊತೆ ಅಸಲು ಹೋಗುತ್ತದೆ, ಪಾಸ್‌ಪೋರ್ಟ್ ಬಂದ ಎಷ್ಟೋ ದಿನದ ಮೇಲೆ ಬೇರೆ ಲಕೋಟೆಯಲ್ಲಿ ವಾಪಸ್ ಬರುತ್ತದೆ, ಗಾಬರಿಯಾಗಬೇಡಿ. ಒಂದು ಮನೆಯಲ್ಲಿ. ಇನ್ನೊಂದು ಅಪಾಸ್ಟಿಲ್‌ಗೆ, ಅದು ರೆಕಾರ್ಡರ್ ಅಥವಾ ರಾಜ್ಯದ ಸಹಿಯದೇ ಆಗಿರಲಿ. ಅಪಾಸ್ಟಿಲ್ ಹಾಳೆಯನ್ನು ಪ್ರಮಾಣಪತ್ರಕ್ಕೆ ಸೇರಿಸಿ ಪಿನ್ ಹೊಡೆದು ಕೊಡುತ್ತಾರೆ. ಜೆರಾಕ್ಸ್ ಅಂಗಡಿಯ ಹುಡುಗ ಅಭ್ಯಾಸಬಲದಿಂದ ಆ ಪಿನ್ನಿಗೆ ಉಗುರು ಹಾಕುತ್ತಾನೆ. ಕಿತ್ತರೆ ಅಪಾಸ್ಟಿಲ್ ಹೋಯಿತು. ಹಾಳೆ ಮಡಚಿಯೇ ಕಾಪಿ ಮಾಡಲು ಹೇಳಿ, ಮಾಡಿ ಮುಗಿಸುವ ತನಕ ಅಲ್ಲೇ ನಿಂತಿರಿ.